ಸುಮ್ಮನೆ ಕೂತಿದೆ ಅಂದ್ರೆ ಒಗ್ಗಿಕೊಂಡಿದೆ ಅಂತಲ್ಲ

ಈಗಷ್ಟೇ ಇನ್ನೊಂದು ವಿಡಿಯೋ ನೋಡಿದೆ. ಶೆಲ್ಟರ್‌ನಿಂದ (ದಿಕ್ಕಿಲ್ಲದ ನಾಯಿಗಳ ಆಶ್ರಯತಾಣ) ಅದೇ ದಿನ ಮನೆಗೆ ಬಂದ ಎಳೆ ವಯಸ್ಸಿನ ನಾಯಿ, ಸೋಫಾದ ಮೇಲೆ. ಸುತ್ತ ಮನೆಮಂದಿಯೆಲ್ಲ. ಮಗು ಕುತ್ತಿಗೆ ತಬ್ಬಿಕೊಂಡಿದೆ, ಇನ್ಯಾರೋ ತಲೆ ಸವರುತ್ತಿದ್ದಾರೆ. ಮೊದಲ ದಿನವೇ ಎಷ್ಟು ಚೆನ್ನಾಗಿ ಒಗ್ಗಿಕೊಂಡಿದೆ ನೋಡಿ ಅಂತ ಬರೆದಿದ್ದಾರೆ. ಈ ವಿಷಯದಲ್ಲಿ ನನ್ನ ತಾಳ್ಮೆ ಎಷ್ಟು ಅಂತ ನಿಮಗೆಲ್ಲ ಗೊತ್ತು. ಆ ನಾಯಿ ಒಗ್ಗಿಕೊಂಡಿಲ್ಲ. ಹೆದರಿ ಮರಗಟ್ಟಿದೆ.

ಬಾಲ ಹೊಟ್ಟೆಯಡಿಗೆ ಸೇರಿದೆ. ಕಿವಿ ತಲೆಗೆ ಅಂಟಿವೆ. ಮುಖ ಒಂದು ಕಡೆ, ನೋಟ ಇನ್ನೊಂದು ಕಡೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿದೆ. ಎದುರಿಗೆ ತಿನ್ನುವುದೇನೂ ಇಲ್ಲ, ಆದರೂ ಮೂಗು ನೆಕ್ಕಿಕೊಳ್ಳುತ್ತಿದೆ. ನಿದ್ದೆಯಿಲ್ಲದ ಆಕಳಿಕೆ, ಸೆಕೆಯಿಲ್ಲದ ಏದುಸಿರು, ಎತ್ತಿ ಹಿಡಿದ ಒಂದು ಮುಂಗಾಲು, ಇವೆಲ್ಲ ಒಂದೇ ಮಾತು ಹೇಳುತ್ತವೆ: ದೂರ ಹೋಗು. ಇಷ್ಟು ಹೇಳಿದರೂ ಯಾರೂ ಕೇಳದಿದ್ದಾಗ ನಾಯಿ ಅಲ್ಲಾಡುವುದನ್ನೇ ನಿಲ್ಲಿಸುತ್ತದೆ. ಅದರ ಮುಂದಿನ ಹಂತ ಗುರ್ರ್ ಅನ್ನುವುದೋ ಕಚ್ಚುವುದೋ ಆಗಿರಬಹುದು. ಮತ್ತೆ ಆ ಮಗುವಿನ ಮುಖ ಇರುವುದು ಹಲ್ಲಿನ ಪಕ್ಕದಲ್ಲೇ.

ಮುಟ್ಟಬೇಡಿ. ಮೊದಲ ಕೆಲವು ದಿನ ಇದೊಂದೇ ಕೆಲಸ.

ಜನ ಓಡಾಡುವ ದಾರಿಯಲ್ಲದ ಒಂದು ಮೂಲೆ, ಮೂರು ಕಡೆ ಮುಚ್ಚಿದ ಹಾಸಿಗೆ, ಪಕ್ಕದಲ್ಲಿ ನೀರು. ಅದು ಒಳಗಿದ್ದಾಗ ಯಾರೂ ಕೈ ಹಾಕಬಾರದು, ಮಕ್ಕಳಂತೂ ಹತ್ತಿರವೂ ಸುಳಿಯಬಾರದು. ನೀವು ಅದೇ ಕೋಣೆಯಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೇಲಿಂದ ಬಾಗಬೇಡಿ. ಬಟಾಣಿ ಕಾಳಿನ ಗಾತ್ರದ ತಿನಿಸನ್ನು ಆಗಾಗ ಅದರ ಕಡೆ ಉರುಳಿಸಿ. ಅಂಗೈಯಲ್ಲಿ ತಿನಿಸಿಟ್ಟು ಹತ್ತಿರ ಕರೆಯುವುದು ಎಲ್ಲರೂ ಮಾಡುವ ತಪ್ಪು. ಹಸಿವಿಗೆ ಕತ್ತು ಚಾಚಿ ಬರುತ್ತದೆ, ತಿಂದಾದ ಮೇಲೆ ತಾನೆಷ್ಟು ಹತ್ತಿರ ಬಂದುಬಿಟ್ಟೆ ಅಂತ ಅರಿವಾಗಿ ಬೆಚ್ಚಿಬೀಳುತ್ತದೆ. ಬದಲಿಗೆ ತಿನಿಸನ್ನು ಅದರ ಬೆನ್ನ ಹಿಂದಕ್ಕೆ ಎಸೆಯಿರಿ. ದೂರ ಹೋಗಿ ತಿಂದು, ತಾನಾಗಿ ತಿರುಗಿ ಬಂದರೆ ಆ ಹೆಜ್ಜೆ ಅದರದ್ದೇ. ಮುಂದೆ ಅದು ತಾನಾಗಿ ಮೈಗೆ ಮೈ ತಾಗಿಸಿದಾಗ ಎದೆಯ ಪಕ್ಕ 3 ಸೆಕೆಂಡ್ ಸವರಿ, ಕೈ ತೆಗೆಯಿರಿ. ಇನ್ನೂ ಬೇಕು ಅಂತ ಒತ್ತಿಕೊಂಡು ಬಂದರೆ ಮಾತ್ರ ಮುಂದುವರಿಸಿ.

ಒಗ್ಗಲು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಓಡಾಡುತ್ತದೆ. ಅದು ಬರೀ ಅಂದಾಜು. ಪುಕ್ಕಲು ನಾಯಿಗೆ ವರ್ಷವೂ ಹಿಡಿಯಬಹುದು.

ಹೀಗೆ ಬಿಟ್ಟರೆ ಜನರ ಅಭ್ಯಾಸ ಆಗುವುದು ಹೇಗೆ, ನಾಲ್ಕು ಜನ ಎತ್ತಿ ಮುದ್ದಾಡಿದರೆ ತಾನೇ ಧೈರ್ಯ ಬರುವುದು ಅಂತ ವಾದಿಸುವವರಿದ್ದಾರೆ. ಬರುವುದಿಲ್ಲ. ಹೊಸ ಮುಖ, ಹೊಸ ಸದ್ದುಗಳನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 14 ವಾರದ ವಯಸ್ಸಿನವರೆಗೆ. ಆಗ ಒಳ್ಳೆಯ ಅನುಭವ ಸಿಗದೆ ಬೆಳೆದ ಮರಿಯನ್ನು ಜನರ ನಡುವೆ ತಳ್ಳಿದರೆ ಕಳೆದದ್ದು ವಾಪಸ್ ಬರುವುದಿಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ಕಲಿತು ಕೈಚೆಲ್ಲಿ ಕೂರುತ್ತದೆ, ನಾವು ಅದನ್ನೇ ಒಗ್ಗಿಕೊಂಡಿದೆ ಅನ್ನುತ್ತೇವೆ!

ಮಾಡಬೇಕಾದ್ದು ಇದು. ಹೆದರಿಸುವ ವಸ್ತು ಅಥವಾ ಮನುಷ್ಯ ಕಾಣಬೇಕು, ಆದರೆ ನಾಯಿ ಆರಾಮಾಗಿ ತಿನ್ನುವಷ್ಟು ದೂರದಲ್ಲಿ. ಮೊದಲು ಅದು ಕಾಣಲಿ, ಆಮೇಲೆ ತಿನಿಸು ಬರಲಿ. ಈ ಕ್ರಮ ಉಲ್ಟಾ ಆದರೆ ತಿನಿಸು ಕಂಡರೇ ಭಯ ಶುರುವಾಗುತ್ತದೆ. ನಾಯಿ ತನಗೆ ಬಲು ಇಷ್ಟವಾದ ತಿನಿಸನ್ನೂ ಬೇಡ ಅಂತಂದರೆ ಹೆದರಿಸುವುದಕ್ಕೆ ನೀವು ತೀರಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಒಂದೇ ದಿನ ವೆಟ್ (ಪಶುವೈದ್ಯರ) ಭೇಟಿ, ಸ್ನಾನ, ನೆಂಟರು ಎಲ್ಲ ಬೇಡ. ಭಯ ಒಂದರ ಮೇಲೊಂದು ಪೇರಿಕೊಳ್ಳುತ್ತದೆ, ಕೊನೆಗೆ ಚಮಚ ಬಿದ್ದ ಸದ್ದಿಗೇ ಸ್ಫೋಟವಾಗುತ್ತದೆ.

ಹೆದರಿದಾಗ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದೂ ಸುಳ್ಳು. ಭಯ ಅನ್ನುವುದು ನಾಯಿ ಲಾಭಕ್ಕಾಗಿ ಮಾಡುವ ಕೆಲಸವಲ್ಲ. ಅದಾಗಿ ನಿಮ್ಮ ಹತ್ತಿರ ಬಂದರೆ ಜೊತೆಗಿರಿ. ಗುರ್ರ್ ಅಂದದ್ದಕ್ಕೆ ಮಾತ್ರ ಯಾವತ್ತೂ ಗದರಬೇಡಿ. ಗದರಿದರೆ ಎಚ್ಚರಿಕೆ ಹೋಗುತ್ತದೆ, ಭಯ ಉಳಿಯುತ್ತದೆ. ಮುಂದಿನ ಸಲ ಸೀದಾ ಕಚ್ಚಬಹುದು.

ಇನ್ನು ತಪ್ಪಿಸಿಕೊಳ್ಳುವುದು. ಮೊದಲ ವಾರಗಳಲ್ಲಿ ಇದರ ಅಪಾಯ ಬಹಳ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಕಾಲರ್ ಕಿವಿ ದಾಟಿ ಕಳಚುತ್ತದೆ, ಎದೆ-ಬೆನ್ನು ಸುತ್ತಿ ಕಟ್ಟುವ ಮಾಮೂಲಿ ಹಾರ್ನೆಸ್‌ನಿಂದಲೂ ಮುಂಗಾಲು ನುಸುಳಿಸಿ ಹೊರಬರುತ್ತದೆ. ಪಕ್ಕೆಲುಬಿನ ಹಿಂದೆ, ಸೊಂಟದ ಸಣ್ಣ ಭಾಗಕ್ಕೆ ಬರುವ ಮೂರನೇ ಪಟ್ಟಿಯಿರುವ ಹಾರ್ನೆಸ್ ತಗೊಳ್ಳಿ. ಪಟ್ಟಿಯಡಿ ಎರಡು ಬೆರಳು ಹೋಗುವಷ್ಟು ಬಿಗಿ ಸಾಕು. ಹಾರ್ನೆಸ್‌ಗೆ ಒಂದು ಲೀಶ್ (ಹಿಡಿದು ನಡೆಸುವ ಹಗ್ಗ), ಕಾಲರ್‌ಗೆ ಇನ್ನೊಂದು. ಒಂದು ಕಳಚಿದರೂ ಇನ್ನೊಂದು ಇರುತ್ತದೆ. ಹೊರಬಾಗಿಲು ತೆಗೆಯುವ ಮುಂಚೆ ಒಳಬಾಗಿಲು ಹಾಕಿರಬೇಕು. ಆದರೂ ಓಡಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಗುಂಪುಕಟ್ಟಿ ಹೆಸರು ಕೂಗಬೇಡಿ. ಕಂಡ ಜಾಗದಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಿ, ತಿನಿಸು ಚೆಲ್ಲಿ, ಕಾಯಿರಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೆಲ್ಟರ್‌ನಲ್ಲಿ ತಿನ್ನುತ್ತಿದ್ದುದನ್ನೇ ಮೊದಲು ಕೊಡಿ, ಆಮೇಲೆ 7ರಿಂದ 10 ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ. ಇಡೀ ದಿನ ನೀರನ್ನೂ ಮುಟ್ಟದಿದ್ದರೆ ವೆಟ್‌ಗೆ ಫೋನ್ ಮಾಡಿ.

ವೆಟ್ ಅಂದಾಗ ಇನ್ನೊಂದು. ಕಿವಿಯ ಸೋಂಕು, ಕೀಲುನೋವು ಇದ್ದರೂ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ, ಮೊದಲು ಅದನ್ನು ಪರೀಕ್ಷೆ ಮಾಡಿಸಿ. ವಾರಗಳಾದರೂ ಮೂಲೆ ಬಿಟ್ಟು ಬರದಿದ್ದರೆ ಭಯಕ್ಕೆ ಔಷಧಿಯಿದೆ, ಕೇಳಲು ಹಿಂಜರಿಯಬೇಡಿ. ಫ್ಲುಯೋಕ್ಸೆಟಿನ್ ಥರದ್ದು ಪೂರ್ತಿ ಕೆಲಸ ಮಾಡಲು 4ರಿಂದ 6 ವಾರ ಬೇಕು, ಹತ್ತು ದಿನಕ್ಕೆ ಏನೂ ಆಗಲಿಲ್ಲ ಅಂತ ನೀವಾಗಿ ನಿಲ್ಲಿಸಬೇಡಿ. ಮಂಪರು ಬರಿಸುವ ಅಸೆಪ್ರೊಮಜಿನ್ ಔಷಧಿಯೊಂದನ್ನೇ ಕೊಟ್ಟರೆ ಮಾತ್ರ ಎಚ್ಚರ: ಮೈ ಮಂಕಾಗುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ವೆಟ್ ಏನೇ ಬರೆದುಕೊಟ್ಟರೂ, ಇದು ಭಯ ತಗ್ಗಿಸುತ್ತದಾ ಅಥವಾ ನಾಯಿ ಅಲ್ಲಾಡದ ಹಾಗೆ ಮಾಡುತ್ತದಾ ಅಂತ ಬಾಯಿಬಿಟ್ಟು ಕೇಳಿ.