ಕರೆಂಟ್ ಇಲ್ಲದ ರೂಮಿಗೆ ರೇಟು ಜಾಸ್ತಿ

ಸೂರಿಗೆ ಗರಿ ಹೊದಿಸಿದೆ, ನೆಲ ಬರೀ ಸಿಮೆಂಟು, ಲೈನ್ ಕರೆಂಟ್ ಇಲ್ಲ, ನಲ್ಲಿ ತಿರುಗಿಸಿದರೆ ತುಸು ಉಪ್ಪಾದ ನೀರು, ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡೇ ಮಲಗಬೇಕು. ಇಷ್ಟನ್ನು ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಬರೆದುಕೊಟ್ಟರೆ ಬಿಪಿಎಲ್ ಕಾರ್ಡ್ ಸಿಕ್ಕರೂ ಸಿಗಬಹುದು. ಇದನ್ನೇ ಮೆಕ್ಸಿಕೋದ ಟುಲುಮ್ ಕಡಲತೀರದ ಹೋಟೆಲಿನವರು ತಮ್ಮ ವೆಬ್‌ಸೈಟಿನಲ್ಲಿ ಬರೆದುಕೊಂಡರೆ ಸೀಸನ್ನಿನಲ್ಲಿ ಒಂದು ರಾತ್ರಿಗೆ ನಾನೂರೋ ಐನೂರೋ ಡಾಲರ್ ಸಿಗುತ್ತದೆ. ಅಂಥ ಹೋಟೆಲಿಗೆ ಬೂಟೀಕ್ ಹೋಟೆಲ್ ಎಂದು ಹೆಸರು.

ಮಾಮೂಲಿ ಹೋಟೆಲಿನವರು ತಮ್ಮಲ್ಲಿ ಏನೇನಿದೆ ಎಂದು ಪಟ್ಟಿ ಕೊಡುತ್ತಾರೆ. ಬಿಸಿನೀರಿದೆ, ಲಿಫ್ಟ್ ಇದೆ, ಬೆಳಗಿನ ತಿಂಡಿ ಇದೆ, ಎರಡು ಬಾಟಲ್ ನೀರು ಫ್ರೀ. ಬೂಟೀಕಿನವರು ಕೊಡುವುದು ಏನೇನಿಲ್ಲ ಎಂಬ ಪಟ್ಟಿ. ಟಿವಿ ಇಲ್ಲ, ಮನಸ್ಸಿಗೆ ವಿಶ್ರಾಂತಿ ಬೇಕಲ್ಲ. ಫೋನ್ ಇಲ್ಲ, ಒಳಗಿನ ದನಿ ಕೇಳಿಸಿಕೊಳ್ಳಿ. ಎಸಿ ಇಲ್ಲ, ಕಡಲಗಾಳಿ ಇದೆ. ಚಪ್ಪಲಿ ಹಾಕುವಂತಿಲ್ಲ, ಭೂಮಿಯ ಸಂಪರ್ಕ ತಪ್ಪುತ್ತದೆ. ಮಕ್ಕಳಿಗೆ ಪ್ರವೇಶವಿಲ್ಲ, ಇದಕ್ಕೆ ಮಾತ್ರ ಕಾರಣ ಕೊಟ್ಟಿರುವುದಿಲ್ಲ. ಒಂದೊಂದು 'ಇಲ್ಲ' ಸೇರಿದಾಗಲೂ ರೂಮಿನ ರೇಟು ಒಂದು ಮೆಟ್ಟಿಲು ಮೇಲೇರುತ್ತದೆ. ಎಲ್ಲವೂ ಇರುವ ಹೋಟೆಲಿಗೆ ಹೋಗುವುದು ಬಡವರ ಲಕ್ಷಣ.

ಎಲ್ಲವೂ ಇರುವ ಊರು ಹತ್ತಿರದಲ್ಲೇ ಇದೆ. ಟುಲುಮ್‌ನಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್ ಹೋದರೆ ಕಾನ್‌ಕೂನ್. ಅದು ಮೆಕ್ಸಿಕೋ ಸರ್ಕಾರವೇ ಲೆಕ್ಕ ಹಾಕಿ, ನಕ್ಷೆ ಬರೆದು, ಮರಳದಿಬ್ಬದ ಮೇಲೆ ಎಬ್ಬಿಸಿದ ಪ್ರವಾಸಿ ಊರು. 1974ರಲ್ಲಿ ಅಲ್ಲಿ ಹೋಟೆಲುಗಳು ಬಾಗಿಲು ತೆರೆದವು, ಅದೇ ವರ್ಷ ಈ ಎರಡೂ ಊರುಗಳಿರುವ ಕಿಂತಾನ ರೋ ಪ್ರಾಂತ್ಯಕ್ಕೆ ರಾಜ್ಯದ ಸ್ಥಾನವೂ ಸಿಕ್ಕಿತು. ಟುಲುಮ್‌ನಲ್ಲಿ ಆಗ ಇದ್ದದ್ದು ಬಂಡೆಯಂಚಿನ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಹಳೆಯ ಕೋಟೆಯೂರಿನ ಅವಶೇಷ, ಮೀನುಗಾರರು, ಆಮೇಲೆ ಬೆನ್ನಿಗೆ ಚೀಲ ಹಾಕಿಕೊಂಡು ಬಂದು ಗರಿಯ ಗುಡಿಸಲಿನಲ್ಲಿ ಜೋಲಿ ಕಟ್ಟಿ ಮಲಗುತ್ತಿದ್ದ ಪರದೇಶಿ ಹುಡುಗರು. ಅವರೂ ಕರೆಂಟಿಲ್ಲದೆಯೇ ಮಲಗುತ್ತಿದ್ದರು, ಆದರೆ ಅದು ಅನುಭವ ಎಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಕೆಲವೇ ಡಾಲರ್ ಕೊಟ್ಟು ಎದ್ದು ಹೋಗುತ್ತಿದ್ದರು.

ಈಗ ಅದೇ ಗುಡಿಸಲು ಅನುಭವವಾಗಿದೆ. ಒಳಗೆ ಕಾಲಿಟ್ಟರೆ ಗೋಡೆಗೆ ಚುಕುಮ್ ಗಾರೆ. ಚುಕುಮ್ ಮರದ ತೊಗಟೆ ಕುದಿಸಿ, ಆ ರಸವನ್ನು ಸುಣ್ಣಕ್ಕೆ ಬೆರೆಸಿ ಬಳಿಯುವ, ನೀರು ಹೀರದ, ಟುಲುಮ್ ಇರುವ ಯುಕಟಾನ್ ಪರ್ಯಾಯದ್ವೀಪದ ಗಾರೆ ಅದು. ನಿಜಕ್ಕೂ ಚೆಂದ, ಕೈಯಾಡಿಸಿದರೆ ತಣ್ಣಗೆ ನುಣ್ಣಗೆ ಇರುತ್ತದೆ. ಬಾಗಿಲು ಸಪೋಟ ಮರದ್ದು. ನಾವು ಹಣ್ಣು ತಿಂದು ಬೀಜ ಉಗಿಯುವ ಸಪೋಟದ ತವರು ಈ ಕಡೆಯ ಕಾಡೇ. ಮಾಯಾ ಜನ ಇದರ ತೊಲೆಗಳನ್ನು ಗುಡಿಯ ಬಾಗಿಲಿಗೆ ಹಾಕಿದರು, ಈ ಮರದ ಹಾಲಿನಿಂದಲೇ ಚ್ಯೂಯಿಂಗ್ ಗಮ್ ಹುಟ್ಟಿತು. ಅಂಥ ಘನವಾದ ಬಾಗಿಲನ್ನು ಹೊರಗೆ ಹಾಕಿ, ಒಳಗಿನ ಬಚ್ಚಲಿಗೆ ಬಾಗಿಲನ್ನೇ ಇಟ್ಟಿರುವುದಿಲ್ಲ. ಸ್ನಾನದ ತೊಟ್ಟಿ ಮಂಚದ ಪಕ್ಕದಲ್ಲೇ ಇರುತ್ತದೆ. ಕಮೋಡಿಗೆ ಅಡ್ಡವಾಗಿ ಒಂದು ಮೋಟು ಗೋಡೆ, ಗೋಡೆಯ ಮೇಲೊಂದು ಪುಟ್ಟ ಹಲಗೆ, ಹಲಗೆಯ ಮೇಲೆ ಮುದ್ದಾದ ಅಕ್ಷರಗಳಲ್ಲಿ ಕೋರಿಕೆ: ದಯವಿಟ್ಟು ಕಾಗದವನ್ನು ಕಮೋಡಿಗೆ ಹಾಕಬೇಡಿ, ಬುಟ್ಟಿಗೆ ಹಾಕಿ. ಬುಟ್ಟಿಯನ್ನು ಕೈಯಲ್ಲೇ ಹೆಣೆದಿರುತ್ತಾರೆ. ಮಂಚದ ತಲೆಯ ಮೇಲೆ ಹಕ್ಕಿಗರಿ-ದಾರದ ಒಂದು ಬಲೆ ತೂಗುತ್ತಿರುತ್ತದೆ, ಕೆಟ್ಟ ಕನಸು ಹಿಡಿಯಲಿಕ್ಕೆ. ಅದು ದೂರದ ಉತ್ತರದ ಅಮೆರಿಕ-ಕೆನಡಾ ಕಡೆಯ ಒಜಿಬ್ವೆ ಎಂಬ ಮೂಲನಿವಾಸಿಗಳದು, ಮಾಯಾ ಜನರಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಇರಲಿ, ದುಡ್ಡು ಕೊಟ್ಟವರು ವಂಶಾವಳಿ ಕೇಳುವುದಿಲ್ಲ.

ಕರೆಂಟಿನ ಕತೆಗೆ ಬರೋಣ. ಟುಲುಮ್‌ನ ಬೀಚ್ ರಸ್ತೆಯಲ್ಲಿ ಹೋಟೆಲುಗಳು ಸಾಲುಸಾಲಾಗಿ ಎದ್ದದ್ದು ಸರ್ಕಾರದ ವಿದ್ಯುತ್ ಲೈನ್ ಇಲ್ಲದೆಯೇ. ಮೇಣದ ಬತ್ತಿಯ ಬೆಳಕಿನಲ್ಲಿ ಊಟ, ದಾರಿಯುದ್ದಕ್ಕೂ ಲಾಂದ್ರ, ನಕ್ಷತ್ರ ನೋಡಿ ಎಂಬ ಸೂಚನೆ. ಅತಿಥಿ ನಕ್ಷತ್ರ ನೋಡುತ್ತಿರುವಾಗ ಅಡುಗೆಮನೆಯ ಫ್ರೀಜರ್, ಐಸ್ ಮೆಷಿನ್, ಡಿಜೆಯ ಸ್ಪೀಕರ್, ಈಜುಕೊಳದ ಪಂಪ್, ಮತ್ತು ಐವತ್ತು ಡಾಲರ್ ಹೆಚ್ಚು ಕೊಟ್ಟ ಪಕ್ಕದ ಗುಡಿಸಲಿನ ಎಸಿ, ಇವೆಲ್ಲ ಯಾವ ಭಕ್ತಿಯಿಂದ ನಡೆಯುತ್ತಿವೆ? ಹಲವು ಕಡೆ, ಹಿತ್ತಲಲ್ಲಿ ಬಿದಿರು ತಟ್ಟಿ ಮರೆಯಲ್ಲಿಟ್ಟ ಡೀಸೆಲ್ ಜನರೇಟರಿನಿಂದ. ಮುಂಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಎರಡು ಸೋಲಾರ್ ಫಲಕ, ಹಿಂಬಾಗಿಲಲ್ಲಿ ಗಡಗಡ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಶುರುವಾದರೆ ನಾವು ಬೆಸ್ಕಾಂಗೆ ಬೈಯುತ್ತೇವೆ. ಅಲ್ಲಿ ಅದೇ ಹೊಗೆಯ ಪಕ್ಕ ಕೂತು ಪ್ರಾಣಾಯಾಮ ಮಾಡುತ್ತಾರೆ.

ಪ್ರಾಣಾಯಾಮ ಎಂದೆನಲ್ಲ, ಅದೂ ಪ್ಯಾಕೇಜಿನಲ್ಲಿ ಸೇರಿದೆ. ಬೆಳಗ್ಗೆ ಯೋಗ, ಮಧ್ಯಾಹ್ನ ಕೋಕೋ ಕುಡಿಯುವ ಸಂಸ್ಕಾರ, ಸಂಜೆ ತೆಮಸ್ಕಾಲ್ ಎಂಬ ಗುಮ್ಮಟದೊಳಗೆ ಕಾದ ಕಲ್ಲಿಗೆ ನೀರು ಸುರಿದು ಬೆವರು ಹರಿಸುವುದು. ತೆಮಸ್ಕಾಲ್ ಸಾವಿರಾರು ವರ್ಷದ ನಿಜವಾದ ಪದ್ಧತಿ, ಬಾಣಂತಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಮಾಡುತ್ತಿದ್ದದ್ದು. ಈಗ ಅದು ನಿನ್ನೆ ರಾತ್ರಿ ಮೆಸ್ಕಾಲ್ ಎಂಬ ಸಾರಾಯಿ ಹೆಚ್ಚು ಕುಡಿದವರಿಗೆ. ಸ್ವಾಗತಿಸುವ ಹುಡುಗಿ ಕೈಮುಗಿದು ನಮಸ್ತೆ ಎನ್ನುತ್ತಾಳೆ, ಗೋಡೆಯ ಮೇಲೆ ಓಂಕಾರ ಇರುತ್ತದೆ, ಅದರ ಪಕ್ಕದಲ್ಲೇ ಬುದ್ಧನ ತಲೆ. ಮನೆಯಲ್ಲಿ ಮಾಯಾ ಭಾಷೆ ಆಡುವ ನಡುವಯಸ್ಸಿನ ಮನುಷ್ಯ ನಿಮ್ಮ ಸೂಟ್‌ಕೇಸ್ ಹೊತ್ತು ಮರಳಲ್ಲಿ ನಡೆದು ಬರುತ್ತಾನೆ. ಮಾಯಾ ಸಂಸ್ಕೃತಿಯ ಬಗ್ಗೆ ಅವನನ್ನು ಯಾರೂ ಏನೂ ಕೇಳುವುದಿಲ್ಲ, ಅದಕ್ಕೆ ಬೇರೆ ಗುರುಗಳಿದ್ದಾರೆ.

ಇನ್ನು ನೀರು. ಯುಕಟಾನಿನ ಈ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಯೇ ಇಲ್ಲ ಎನ್ನಬೇಕು. ನೆಲವೆಲ್ಲ ತೂತುಬಿದ್ದ ಸುಣ್ಣಕಲ್ಲು. ಬಿದ್ದ ಮಳೆ ಸೀದಾ ಇಳಿದು ಅಡಿಯ ಗುಹೆಗಳಲ್ಲಿ ಹರಿಯುತ್ತದೆ. ಆ ಗುಹೆಯ ಮಾಡು ಕುಸಿದಲ್ಲಿ ಕಾಣುವ ನೀಲಿ ಬಾವಿಗಳೇ ಸೆನೋಟೆಗಳು. ಟುಲುಮ್ ಬಳಿಯ ಸಾಕ್ ಆಕ್ತುನ್ ಎಂಬ ನೀರೊಳಗಿನ ಗುಹೆ ಪಕ್ಕದ ಇನ್ನೊಂದು ಗುಹೆಗೆ ಕೂಡಿಕೊಂಡಿದೆ ಎಂದು ಮುಳುಗುಗಾರರು 2018ರಲ್ಲಿ ಪತ್ತೆ ಹಚ್ಚಿದಾಗ ಅದರ ಉದ್ದ 340 ಕಿಲೋಮೀಟರ್ ದಾಟಿತು. ಅಂದರೆ ಇಡೀ ಊರು ಒಂದು ಜರಡಿಯ ಮೇಲೆ ಕೂತಿದೆ. ಆ ಜರಡಿಯ ಮೇಲೆ ಒಳಚರಂಡಿ ಸಾಲದ ಊರು, ಕಕ್ಕಸುಗುಂಡಿ ತೋಡಿಕೊಂಡ ಹೋಟೆಲುಗಳು, ಸಾಲದ್ದಕ್ಕೆ ಈಚೆಗೆ ಸರ್ಕಾರ ಹಾಕಿದ 'ಮಾಯಾ ರೈಲು'. ರೈಲಿನ ಉಕ್ಕಿನ ಕಂಬಗಳನ್ನು ಗುಹೆಗಳ ಮಾಡಿಗೇ ತೂತು ಕೊರೆದು ಇಳಿಸಿದ್ದನ್ನು ಅಲ್ಲಿನ ಪರಿಸರದವರು ಫೋಟೊ ಸಮೇತ ಜಗತ್ತಿಗೆ ತೋರಿಸಿದರು.

ನೀವು ಸೆನೋಟೆಗೆ ಇಳಿಯಬೇಕಾದರೆ ಮೊದಲು ಶವರ್ ಕೆಳಗೆ ನಿಂತು ಮೈಗೆ ಹಚ್ಚಿದ ಸನ್‌ಸ್ಕ್ರೀನ್ ತೊಳೆದುಕೊಳ್ಳಬೇಕು. ಒಳ್ಳೆಯ ನಿಯಮ, ಪ್ರಶ್ನೆಯೇ ಇಲ್ಲ. ನಿಮ್ಮ ಹೆಗಲ ಮೇಲಿನ ಚಮಚದಷ್ಟು ಕ್ರೀಮಿನಿಂದ ಭೂಗರ್ಭ ಕೆಡಬಾರದು. ರೆಸಾರ್ಟಿನ ಗುಂಡಿಗೆ ಶವರ್ ಮಾಡಿಸುವವರು ಇನ್ನೂ ಹುಟ್ಟಬೇಕು.

ಕೆಳಗಿನ ನೀರು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಬುಕಿಂಗಿಗೆ ತೊಂದರೆಯಿಲ್ಲ. ತೊಂದರೆ ಕೊಡುವುದು ಎದುರಿನ ಸಮುದ್ರ. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿ ಬೆಳೆದು ಕೆರಿಬಿಯನ್ ದಡಕ್ಕೆ ಬರತೊಡಗಿದೆ. ಕೆಲವು ವರ್ಷ ಕಡಿಮೆ, ಕೆಲವು ವರ್ಷ ಮೊಣಕಾಲುದ್ದ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಾಟ ಹೆಚ್ಚು. ನೀರಲ್ಲಿ ತೇಲುವಾಗ ಅದು ಮೀನು, ಆಮೆಮರಿಗಳ ಆಸರೆ. ದಡಕ್ಕೆ ಬಂದು ಕೊಳೆತರೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಇದನ್ನು ತಡೆಯಲು ಮೆಕ್ಸಿಕೋ ತನ್ನ ನೌಕಾಪಡೆಯನ್ನೇ ಇಳಿಸಿದೆ, ತೇಲುಬೇಲಿ ಕಟ್ಟಿದೆ, ಕಳೆ ಬಾಚುವ ಹಡಗು ತೇಲಿಸಿದೆ. ಇಷ್ಟಾದರೂ ಬಂದದ್ದನ್ನು ಹೋಟೆಲಿನ ಕೂಲಿಯವರು ಅತಿಥಿಗಳು ಏಳುವ ಮೊದಲೇ ಕುಂಟೆ ಹಿಡಿದು ಬಾಚಿ, ಕೈಗಾಡಿಗೆ ತುಂಬಿ ಸಾಗಿಸುತ್ತಾರೆ. ಎಂಟು ಗಂಟೆಗೆ ಎದ್ದ ಅತಿಥಿ ಕೈಯೆತ್ತಿ ಮೈಮುರಿದು, ಆಹಾ, ಮುಟ್ಟದ ನಿಸರ್ಗ ಎನ್ನುತ್ತಾನೆ.

ಈ ಮುಟ್ಟದ ನಿಸರ್ಗವನ್ನು ಮುಟ್ಟಲು ಯಾರಿಗೆ ಹಕ್ಕಿದೆ? ಕಾನೂನು ಕೇಳಿದರೆ ಎಲ್ಲರಿಗೂ. ಮೆಕ್ಸಿಕೋದಲ್ಲಿ ಬೀಚ್ ಯಾರಪ್ಪನ ಸ್ವತ್ತೂ ಅಲ್ಲ, ದೇಶದ್ದು. ದಾರಿ ಅಡ್ಡಗಟ್ಟಿದ ಹೋಟೆಲಿಗೆ ಸುಮಾರು 10 ಲಕ್ಷ ಪೆಸೊವರೆಗೂ ದಂಡ ಹಾಕಬಹುದೆಂದು 2020ರಲ್ಲಿ ಕಾನೂನನ್ನೂ ತಿದ್ದಿದರು. ಹೋಟೆಲಿನವರು ಕಾನೂನು ಮುರಿಯುವುದಿಲ್ಲ, ಅವರು ಸಂಭಾವಿತರು. ಮರಳು ನಿಮ್ಮದೇ, ನೀರೂ ನಿಮ್ಮದೇ. ಅಲ್ಲಿಗೆ ಹೋಗುವ ದಾರಿ ಮಾತ್ರ ನಮ್ಮ ಬೀಚ್ ಕ್ಲಬ್ಬಿನ ನಡುವೆ ಇದೆ, ಕ್ಲಬ್ಬಿನಲ್ಲಿ ಕನಿಷ್ಠ ಇಷ್ಟು ಖರ್ಚು ಮಾಡಬೇಕು, ಆ ಹಣಕ್ಕೆ ಒಂದು ಮೆತ್ತೆ, ಎರಡು ಗ್ಲಾಸು ಶರಬತ್ತು, ಅಂಗೈಯಗಲದ ಮೂರು ಟಾಕೊ. ಊರೊಳಗಿಂದ ಐಸ್‌ಪೆಟ್ಟಿಗೆ, ಅಜ್ಜಿ, ಮೊಮ್ಮಕ್ಕಳ ಸಮೇತ ಬಂದ ಟುಲುಮ್ ಸಂಸಾರಕ್ಕೆ ಅಲ್ಲಿ ಮೆತ್ತೆಯೂ ಇಲ್ಲ, ಹೊರಗಿನ ತಿಂಡಿಗೆ ಪ್ರವೇಶವೂ ಇಲ್ಲ. ಪುರಾತನ ಕೋಟೆಯ ಸುತ್ತ ಹುಲಿಯ ಹೆಸರಿಟ್ಟು (ಸರಿಯಾಗಿ ಹೇಳಬೇಕೆಂದರೆ ಜಾಗ್ವಾರ್) ಸರ್ಕಾರ ಒಂದು ಉದ್ಯಾನ ಮಾಡಿ, ಅದರೊಳಗಿನ ಬೀಚುಗಳಿಗೆ ಹೋಗಲೂ ಟಿಕೆಟ್ ಇಟ್ಟಿತು. 2025ರಲ್ಲಿ ಊರಿನವರು ರೊಚ್ಚಿಗೆದ್ದರು, ಅತ್ತ ಪ್ರವಾಸಿಗಳೂ ಕಡಿಮೆಯಾಗಿ ಖಾಲಿ ಮೆತ್ತೆಗಳ ವಿಡಿಯೊ ಹರಿದಾಡಿತು, ಆಮೇಲೆ ಬಾಗಿಲು ಸಡಿಲಿಸುವ ಮಾತು ಬಂತು.

ಇದೆಲ್ಲ ನನಗೆ ಯಾಕೆ ಗೊತ್ತೆಂದರೆ, ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ಹೋಟೆಲ್ ಹುಡುಕುತ್ತಿದ್ದಾನೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಹಾಗಾಗಿ ಟೆಕ್ಸಸ್‌ನ ನಮ್ಮ ಹುಡುಗರು ಉದ್ದನೆಯ ರಜೆ ಬಂತೆಂದರೆ ಅತ್ತ ವಿಮಾನ ಹತ್ತುತ್ತಾರೆ. ಇವನು ಸಾಫ್ಟ್‌ವೇರಿನವನು, ಎಕ್ಸೆಲ್ ಶೀಟ್ ಮಾಡಿದ್ದಾನೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದ.

"ಮಾಮ, ಫೈವ್ ಸ್ಟಾರ್ ರಿವ್ಯೂ ಓದ್ಲೇಬಾರ್ದು. ಎಲ್ಲಾರೂ 'ಮ್ಯಾಜಿಕಲ್' ಅಂತಷ್ಟೇ ಬರ್ದಿರ್ತಾರೆ. ಎರಡು ಸ್ಟಾರ್ ಕೊಟ್ಟಿರೋರು ಸತ್ಯ ಹೇಳ್ತಾರೆ. ಅದ್ರಲ್ಲಿ ಮೂರೇ ಪದ ಹುಡುಕ್ಬೇಕು: ಜನರೇಟರ್, ವಾಸ್ನೆ, ಡಿಜೆ."

"ಈ ಕಾಲಮ್ ಏನೋ, ಕೆಂಪು ಹಸಿರು?"

"ಸರ್ಗಾಸಮ್. ಬೀಚ್‌ಗಳಿಗೆ ವೆಬ್‌ಕ್ಯಾಮ್ ಇದೆ, ದಿನಾ ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಹೊತ್ತಲ್ಲಿ ನೋಡ್ತೀನಿ. ಇದು ರೂಮಿಂದ ಜನರೇಟರ್‌ಗೆ ದೂರ. ವೆಬ್‌ಸೈಟಲ್ಲಿ ಯಾರೂ ಹಾಕಲ್ಲ, ಸ್ಯಾಟಲೈಟ್ ಮ್ಯಾಪಲ್ಲಿ ಶೆಡ್ ಹುಡ್ಕಿ ನಾನೇ ಅಳ್ದೆ."

"ಊಟ?"

"ಬೀನ್ಸ್ ಇದೆ ಮಾಮ, ಆದ್ರೆ ಹಂದಿ ಕೊಬ್ಬಲ್ಲಿ ಹುರೀತಾರಂತೆ. ಕೇಳಿ ತಿನ್ಬೇಕು. 'ಮಾಂಸ ಬೇಡ' ಅಂದ್ರೆ ಚಿಕನ್ ಹಾಕ್ಕೊಡ್ತಾರೆ."

ಒಂದು ಹೋಟೆಲಿಗೆ ಮೆಸೇಜ್ ಕಳಿಸಿದ್ದನಂತೆ, ರಾತ್ರಿ ಜನರೇಟರ್ ಕೆಟ್ಟರೆ ಬದಲಿ ವ್ಯವಸ್ಥೆ ಏನು ಎಂದು. ಮೇಣದ ಬತ್ತಿಗೆ ಪ್ರತ್ಯೇಕ ಚಾರ್ಜ್ ಇಲ್ಲ ಎಂದು ಉತ್ತರ ಬಂತು. ರೂಮಿನ ರೇಟಿಗೆ ಶೇ 16 ವ್ಯಾಟ್, ವಸತಿ ತೆರಿಗೆ, ಸರ್ವಿಸ್ ಚಾರ್ಜ್, ಇವುಗಳ ಜೊತೆಗೆ ಪರಿಸರ ನೈರ್ಮಲ್ಯ ಶುಲ್ಕವೆಂದು ರಾತ್ರಿಗಿಷ್ಟು ಸೇರುತ್ತದೆ ಎಂದೂ ತಿಳಿಸಿದ್ದರು. ಪರಿಸರದ ಹೆಸರಿನಲ್ಲಿ ಇವನಿಂದ ವಸೂಲಾಗುವ ಸಾಲುಗಳಲ್ಲಿ ಅದೇ ಅತಿ ಚಿಕ್ಕದು.

"ಹಂಗಾದ್ರೆ ಊರೊಳಗೇ ಉಳ್ಕೊಳ್ಳೋ," ಎಂದೆ. "ಅಲ್ಲಿ ಲೈನ್ ಕರೆಂಟ್ ಇದೆ, ಎಸಿ ಇದೆ, ಅರ್ಧಕ್ಕಿಂತ ಕಡಿಮೆ ರೇಟು ಅಂತ ನಿನ್ ಶೀಟಲ್ಲೇ ಇದೆಯಲ್ಲ. ಸೈಕಲ್ ತಗೊಂಡು ಬೀಚಿಗೆ ಹೋಗಿ ಬಂದ್ರಾಯ್ತು."

"ಅದನ್ನೇ ಹೇಳ್ದೆ ಮಾಮ. ಇವ್ಳು ಒಪ್ತಿಲ್ಲ. ಅಲ್ಲಿ ಟೈಲ್ಸ್ ಇದೆಯಂತೆ, ಟ್ಯೂಬ್‌ಲೈಟ್ ಇದೆಯಂತೆ. ಡಲ್ಲಾಸ್ ಬಿಟ್ಟು ಅಲ್ಲಿವರ್ಗೂ ಹೋಗಿದ್ಯಾಕೆ ಅಂತ ಜನ ಕೇಳಲ್ವಾ ಅಂತಾಳೆ."

"ಈಗ?"

"ರಾಜಿ ಆಯ್ತು. ಎರಡು ರಾತ್ರಿ ಬೀಚಲ್ಲಿ, ಫೋಟೊಗೆ. ಮೂರು ರಾತ್ರಿ ಊರೊಳಗೆ, ನಿದ್ದೆಗೆ."

"ಮತ್ತೆ ಆ ಎರಡು ದಿನಾನೇ ಸರ್ಗಾಸಮ್ ಬಂದ್ರೆ?"

"ಫೋಟೊದಲ್ಲಿ ವಾಸ್ನೆ ಬರಲ್ಲ ಬಿಡಿ ಮಾಮ."