ಒಂದೇ ಲ್ಯಾಪ್‌ಟಾಪಿಗೆ ಎರಡು ಫಿಲ್ಟರ್ ವೀಲ್: ಒಂದು ಸ್ಪಷ್ಟನೆ

ಮೈಸೂರಿನ ನಮ್ಮ ಆಕಾಶ ನೋಡುವ ಗೆಳೆಯರ ನಡುವೆ ಒಂದು ಮೆಸೇಜ್ ಓಡಾಡ್ತಿದೆ: ಒಂದು ಲ್ಯಾಪ್‌ಟಾಪಿಗೆ ಎರಡು ಫಿಲ್ಟರ್ ವೀಲ್ (ಕ್ಯಾಮೆರಾ ಮುಂದೆ ಫಿಲ್ಟರುಗಳನ್ನು ತಿರುಗಿಸಿ ಬದಲಿಸುವ ಚಕ್ರ) ಹಾಕೋಕೆ ಆಗಲ್ಲ, ಜೊತೆಗೆ ಗೈಡ್ ಕ್ಯಾಮೆರಾಗೂ (ದೂರದರ್ಶಕ ಗುರಿ ತಪ್ಪದಂತೆ ನೋಡಿಕೊಳ್ಳುವ ಎರಡನೇ ಕ್ಯಾಮೆರಾ) ಮುಖ್ಯ ಕ್ಯಾಮೆರಾದ ಫಿಲ್ಟರೇ ಬೇಕು ಅಂತ. ಎರಡೂ ತಪ್ಪು.

ಕ್ಯಾಮೆರಾ, ವೀಲ್ ಎಲ್ಲವನ್ನೂ ಲ್ಯಾಪ್‌ಟಾಪಿನಿಂದ ನಡೆಸುವ ನೀನಾ (NINA) ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದೇ ವೀಲ್ ಹಿಡಿಯುತ್ತದೆ, ಅದು ನಿಜ. ಬಹುಶಃ ಮಾತು ಹುಟ್ಟಿದ್ದೇ ಅಲ್ಲಿ. ಆದರೆ ಅದನ್ನೇ ಎರಡು ಸಲ ತೆರೆದು, ಬೇರೆ ಬೇರೆ ಪ್ರೊಫೈಲ್ ಕೊಟ್ಟರೆ ಆಯಿತು. ಎರಡೂ ಒಂದೇ ಕಂಪನಿಯ ವೀಲ್ ಆದರೆ ಅದಲು ಬದಲಾಗಬಹುದು, ಹಾಗಾಗಿ ಮೊದಲು ಒಂದನ್ನೇ ಲ್ಯಾಪ್‌ಟಾಪಿಗೆ ಚುಚ್ಚಿ, ಯಾವ ಹೆಸರಲ್ಲಿ ಬಂತು ಅಂತ ಬರೆದಿಟ್ಟುಕೊಂಡು, ಆಮೇಲೆ ಇನ್ನೊಂದನ್ನು ಚುಚ್ಚಿ. ನಾನು ಇದನ್ನು ಮಾಡದೆ ಪಾಂಡವಪುರದ ಹತ್ತಿರ ಒಂದು ಇಡೀ ರಾತ್ರಿ ಕೆಂಪು ಅಂದುಕೊಂಡು ನೀಲಿ ತೆಗೆದಿದ್ದೇನೆ!

ಇನ್ನು ಗೈಡ್ ಕ್ಯಾಮೆರಾ. ಅದರ ಕೆಲಸ ಒಂದು ನಕ್ಷತ್ರವನ್ನು ಹಿಡಿದು ನಿಲ್ಲುವುದಷ್ಟೇ, ಅದಕ್ಕೆ ಬೆಳಕು ಜಾಸ್ತಿ ಬೇಕು. 656 ನ್ಯಾನೋಮೀಟರ್ ಸುತ್ತ ಬರೀ 7 ನ್ಯಾನೋಮೀಟರ್ ಬಿಡುವ ಹೈಡ್ರೋಜನ್ ಫಿಲ್ಟರ್ ಅದರ ಮುಂದಿಟ್ಟರೆ ನಕ್ಷತ್ರ ಮಂಕಾಗುತ್ತದೆ, ಅಲ್ವಾ? ಅದಕ್ಕೇ ಆಫ್ ಆಕ್ಸಿಸ್ ಗೈಡರನ್ನು (ದೂರದರ್ಶಕದ ಬೆಳಕಿನಲ್ಲಿ ಸ್ವಲ್ಪವನ್ನು ಗೈಡ್ ಕ್ಯಾಮೆರಾ ಕಡೆಗೆ ತಿರುಗಿಸುವ ಭಾಗ) ವೀಲಿಗಿಂತ ಮುಂಚೆ, ಅಂದರೆ ದೂರದರ್ಶಕದ ಕಡೆಗೆ ಕೂರಿಸುವುದು. ಹಳೆಯ ಕೆಲವು ಎಸ್‌ಬಿಐಜಿ ಕಂಪನಿಯ ಕ್ಯಾಮೆರಾಗಳಲ್ಲಿ ಗೈಡ್ ಚಿಪ್ ಫಿಲ್ಟರಿನ ಹಿಂದೆಯೇ ಇತ್ತು, ಜನ ಒದ್ದಾಡುತ್ತಿದ್ದರು.