ಅಸಾಜಿಯ ರೇಷ್ಮೆಯ ಸದ್ದು ಕೇಳಿಸಿಕೊಳ್ಳಿ, ಆಮೇಲೆ ಮಾತಾಡೋಣ

"ಕುರೊಸಾವಾ ಜಪಾನಿನಲ್ಲಿ ಹುಟ್ಟಿದ ಪಾಶ್ಚಾತ್ಯ ನಿರ್ದೇಶಕ, ಶೇಕ್ಸ್‌ಪಿಯರ್‌ಗೆ ಕಿಮೋನೊ ಉಡಿಸಿದ, ಅಷ್ಟೇ." ಇವತ್ತು ಮತ್ತೆ ಅದೇ ಮಾತು ಓದಿ ಮೈ ಉರಿಯಿತು. ಬರೀ ಕಿಮೋನೊನಾ?

ಕುರೊಸಾವಾ ಅವರ 'ಥ್ರೋನ್ ಆಫ್ ಬ್ಲಡ್' (1957) ಸಿನಿಮಾದ ಕತೆ ಮ್ಯಾಕ್‌ಬೆತ್‌ನದೇ, ಒಪ್ಪಿದೆ. ಆದರೆ ಶೇಕ್ಸ್‌ಪಿಯರನ ಆ ಮಾತಿನ ಹೊಳೆ ಅಲ್ಲಿಲ್ಲ. ಅದರ ಕೆಲಸವನ್ನೆಲ್ಲ ಜಪಾನಿನ ಹಳೆಯ ಮುಖವಾಡದ ನಾಟಕಕಲೆ 'ನೋ' ಮಾಡುತ್ತದೆ. ಲೇಡಿ ಮ್ಯಾಕ್‌ಬೆತ್ ಇಲ್ಲಿ ಅಸಾಜಿ, ದೊರೆಯನ್ನು ಕೊಲ್ಲಲು ಗಂಡನನ್ನು ಪ್ರೇರೇಪಿಸುವವಳು. ಪಾತ್ರ ಮಾಡಿದವರು ಇಸುಜು ಯಮಾದಾ. ಅವರ ಹುಬ್ಬು ಇರುವ ಜಾಗದಲ್ಲಿಲ್ಲ, ಹಣೆಯ ಮೇಲ್ಭಾಗದಲ್ಲಿ ಬರೆದದ್ದು. ನೋ ಮುಖವಾಡ ಮರದ್ದು, ಅದಕ್ಕೆ ಭಾವ ಬದಲಿಸಲು ಬರುವುದಿಲ್ಲ. ಆದರೂ ತುಸು ಮೇಲೆತ್ತಿದರೆ ಬೆಳಕು ಬಿದ್ದು ಅರಳುತ್ತದೆ, ತುಸು ತಗ್ಗಿಸಿದರೆ ಮೋಡ ಕವಿಯುತ್ತದೆ. ಯಮಾದಾ ತಮ್ಮ ಮುಖವನ್ನೇ ಹಾಗೆ ಬಳಸುತ್ತಾರೆ. ನಡಿಗೆಯೂ ನೋದ್ದೇ, ಪಾದವನ್ನು ನೆಲದಿಂದ ಎತ್ತದೆ ಜಾರಿಸುವ 'ಸುರಿಯಾಶಿ'.

ಕೊಲೆಯ ರಾತ್ರಿಯ ದೃಶ್ಯ ನೋಡಿ. ಅಸಾಜಿ ಕತ್ತಲೆಯ ಬಾಗಿಲೊಳಗೆ ಹೋಗಿ ಪೂರ್ತಿ ಕರಗಿಹೋಗುತ್ತಾಳೆ. ಮತ್ತೆ ಅದೇ ಕತ್ತಲಿಂದ ಮದ್ದು ಬೆರೆಸಿದ ಸಾಕೆಯ (ಅಕ್ಕಿಯ ಮದ್ಯ) ಗಡಿಗೆ ಹಿಡಿದು ಬರುತ್ತಾಳೆ. ಆಗ ಕೇಳುವುದು ರೇಷ್ಮೆ ಸರಸರ ಉಜ್ಜುವ ಸದ್ದು ಮಾತ್ರ. ಫೋನಿನ ಸಣ್ಣ ಸ್ಪೀಕರಿನಲ್ಲಿ, ಸಬ್‌ಟೈಟಲ್ ಓದುವ ಅವಸರದಲ್ಲಿ ನೋಡಿದರೆ ಇದು ಕೈತಪ್ಪುತ್ತದೆ. ಉಳಿಯುವುದು ಕತೆ ಮಾತ್ರ, ಕತೆಯಷ್ಟೇ ಕಂಡವರಿಗೆ ಶೇಕ್ಸ್‌ಪಿಯರ್ ಮಾತ್ರ ಕಾಣುತ್ತಾನೆ. ಹೆಡ್‌ಫೋನ್ ಹಾಕಿಕೊಳ್ಳಿ, ದಯವಿಟ್ಟು.

"ಕುರೊಸಾವಾ ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಅಭಿಮಾನಿ ಅಲ್ಲವೇ, ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯನ್ನೂ ಸಿನಿಮಾ ಮಾಡಿದರಲ್ಲ" ಅನ್ನುತ್ತೀರಿ. ಹೌದು, ಮಾಡಿದರು. ಅದರಿಂದ ಪಾಶ್ಚಾತ್ಯರಾಗಿಬಿಟ್ಟರೇ? ಕುರೊಸಾವಾ ಅವರದೇ 'ಯೊಜಿಂಬೊ' (1961) ಕತೆಯನ್ನು ಅನುಮತಿ ಇಲ್ಲದೆ ಎತ್ತಿಕೊಂಡು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದರು. 'ಯೊಜಿಂಬೊ' ತೆಗೆದ ಟೊಹೊ ಕಂಪನಿ ಕೇಸು ಹಾಕಿತು, ಗಳಿಕೆಯ ಶೇ. 15 ಕೊಟ್ಟು ರಾಜಿಯಾಗಬೇಕಾಯಿತು. ಹಾಗಂತ ಲಿಯೋನೆಯನ್ನು ಯಾರೂ ಜಪಾನೀ ನಿರ್ದೇಶಕ ಅನ್ನಲಿಲ್ಲ. ಈ ತಕ್ಕಡಿ ಒಂದೇ ಕಡೆ ಯಾಕೆ ವಾಲುತ್ತದೆ?

ಕನ್ನಡಿಗರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಗೆ ಇದೇ ಮ್ಯಾಕ್‌ಬೆತ್ತನ್ನು 'ಬರ್ನಮ್ ವನ' ಎಂದು ಹಿಂದಿಯಲ್ಲಿ, ಯಕ್ಷಗಾನದ ಶೈಲಿಯಲ್ಲಿ ಮಾಡಿಸಿದರು. ವೇಷ ರಂಗಕ್ಕೆ ಬರುವ ಹೆಜ್ಜೆಯಲ್ಲೇ ಪಾತ್ರದ ಸ್ವಭಾವ ತಿಳಿಯುವವರು ನಾವು. ಅಸಾಜಿಯ ಹೆಜ್ಜೆ ನಮಗೆ ಕಾಣದಿದ್ದರೆ ಹೇಗೆ?

ಕೊನೆಯ ಹೊತ್ತಿಗೆ ಅವಳು ಕೂತು ಕೈ ಉಜ್ಜಿ ಉಜ್ಜಿ ತೊಳೆಯುತ್ತಾಳಲ್ಲ, ಅಲ್ಲಿ ಆ ಮರದಂಥ ಮುಖ ಒಡೆಯುತ್ತದೆ. ಅಲ್ಲಿಯವರೆಗೂ ಅಲುಗದೆ ಇದ್ದದ್ದರಿಂದಲೇ ನೋಡುವವರ ಎದೆ ಝಲ್ಲೆನ್ನುತ್ತದೆ.